ಹಳದಿ ದೀಪಕ್ಕೆ ಹದಿನಾಲ್ಕು ಕಾಲಂ

ನಾನು ಹತ್ತನೆಯ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಒಂದು ದಿನವೂ ತಪ್ಪಿಲ್ಲ. ಯಾವ ದಿನ ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬಂತು, ಗಾಂಧಿ ಬಜಾರಿಗೆ ಯಾವ ವಾರ ಅವರೆಕಾಯಿ ಬಂತು, ನನ್ನ ಮದುವೆಯಲ್ಲಿ ಎಷ್ಟು ಜನ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡರು, ಎಲ್ಲಕ್ಕೂ ದಾಖಲೆಯಿದೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ವೀಣಾ ಆ ಡೈರಿಗಳ ಸಾಲನ್ನು ನೋಡಿ, ಇವನ್ನೆಲ್ಲ ನೀವು ಯಾವಾಗ ಓದುತ್ತೀರಿ ಎಂದು ಕೇಳಿದ್ದಳು. ಬರೆಯುವುದು ಓದುವುದಕ್ಕಲ್ಲ, ದಾಖಲೆ ಇರಲಿ ಎಂದು, ಅಂತ ಉತ್ತರ ಕೊಟ್ಟಿದ್ದೆ. ಆ ಉತ್ತರವನ್ನೂ ಆ ದಿನದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮುಂದೆ ನಡೆದುದಕ್ಕೆಲ್ಲ ಅದೇ ಪೀಠಿಕೆಯಾದೀತೆಂದು ಆಗ ತಿಳಿದಿರಲಿಲ್ಲ.

ನನ್ನ ಕೆಲಸವೂ ಅಂಥದ್ದೇ. ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಹುಡುಗರಿಗೆ ಅವಲೋಕನ, ಕೋಷ್ಟಕ, ತೀರ್ಮಾನ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿಸುವುದು. ನಾವಿರುವುದು ತ್ಯಾಗರಾಜನಗರದಲ್ಲಿ. ಮನೆಯ ಮುಂದೆ ಒಂದು ಆಕಾಶಮಲ್ಲಿಗೆ ಮರ. ಮನೆಯಲ್ಲಿ ನಾನು, ವೀಣಾ ಮತ್ತು ಅಜ್ಜಿ. ಅಜ್ಜಿಗೆ ಎಪ್ಪತ್ತೆಂಟು ವರ್ಷ, ಎರಡು ಕೆಟ್ಟ ಮಂಡಿಗಳು ಮತ್ತು ಒಂದು ಹರಕೆ.

ಹರಕೆ ಏನೆಂದರೆ, ನನ್ನ ಮದುವೆಯಾದರೆ ಮನೆದೇವರಿಗೆ ಲಕ್ಷ ಬತ್ತಿ ಹಚ್ಚುತ್ತೇನೆ ಎಂಬುದು. ಒಂದು ಲಕ್ಷ ಹೂಬತ್ತಿಗಳನ್ನು ತನ್ನ ಕೈಯಾರೆ ಹೊಸೆದು, ತುಪ್ಪದಲ್ಲಿ ನೆನೆಸಿ, ಕಾರ್ತಿಕ ಮಾಸದಲ್ಲಿ ದೇವರ ಮುಂದೆ ಬೆಳಗುವುದು. ನನ್ನಂಥವನಿಗೆ ಹೆಣ್ಣು ಸಿಗಬೇಕಾದರೆ ಲಕ್ಷಕ್ಕಿಂತ ಕಡಿಮೆಗೆ ದೇವರು ಒಪ್ಪಲಾರನೆಂದು ಅಜ್ಜಿ ಅಂದಾಜು ಮಾಡಿದ್ದಳು. ನಮ್ಮ ಮನೆದೇವರು ರಂಗನಾಥ. ಅವನಿರುವುದು ಮಧುಗಿರಿಯ ಆಚೆ ಒಂದು ಗುಡ್ಡದ ತುದಿಯಲ್ಲಿ. ಮೇಲೆ ಹೋಗಲು ಮೆಟ್ಟಿಲುಗಳಿವೆ, ಅಜ್ಜಿಯ ಮಂಡಿಗೆ ಆಗದು. ಹಿಂಬದಿಯಲ್ಲಿ ಒಂದು ಮಣ್ಣುದಾರಿಯಿದೆ. ಅದನ್ನು ನಾಲ್ಕೂ ಚಕ್ರ ಎಳೆಯುವ ಗಾಡಿಯಷ್ಟೇ ಹತ್ತಬಲ್ಲದು. ಬಾಡಿಗೆಗೆ ಒಂದು ಜೀಪು ಗೊತ್ತು ಮಾಡೋಣವೆಂದರೆ ಅಜ್ಜಿ ಕೇಳಲಿಲ್ಲ.

"ಮೊಮ್ಮಗನ ಗಾಡಿಯಲ್ಲೇ ಬರ್ತೀನಿ ಅಂತ ದೇವರಿಗೆ ಹೇಳ್ಬಿಟ್ಟಿದೀನಿ ಕಣೋ ಮುರಳಿ. ಈಗ ಮಾತು ಬದಲಾಯಿಸಿದ್ರೆ ಅವನೇನು ಅಂದ್ಕೊಳ್ಳಲ್ಲ?"

ಹೀಗೆ ನಾನು ಒಂದು ಫೋರ್ ವೀಲ್ ಡ್ರೈವ್ ಗಾಡಿಯ ಮಾಲೀಕನಾದೆ. ಸೆಕೆಂಡ್ ಹ್ಯಾಂಡ್. ಬಣ್ಣ ಮಳೆಗಾಲದ ಮುಗಿಲಿನದು. ಎತ್ತರವೆಷ್ಟೆಂದರೆ ಅಜ್ಜಿ ಹತ್ತಲು ಅಡುಗೆಮನೆಯ ಮಣೆ ಬೇಕು. ಒಳಗೆ ಕೂತರೆ ಪಕ್ಕದ ಮನೆಯ ಕಾಂಪೌಂಡಿನಾಚೆಯ ಬಾಳೆಗಿಡ ಕಾಣುತ್ತದೆ. ಮೊದಲ ಸಂಜೆ ಅದರಲ್ಲಿ ಸುಮ್ಮನೆ ಕೂತು ಸ್ಟಿಯರಿಂಗ್ ಹಿಡಿದಾಗ, ಬಿಳಿಯ ಆಕಾಶಮಲ್ಲಿಗೆ ಹೂಗಳು ಗಾಜಿನ ಮೇಲೆ ತಿರುಗುತ್ತ ಬೀಳುತ್ತಿದ್ದವು. ನನಗೆ ತ್ಯಾಗರಾಜನಗರ ಕಾಣಲಿಲ್ಲ. ಗುಡ್ಡ ಕಂಡಿತು, ಗಾಳಿ ಕೇಳಿಸಿತು. ಹತ್ತು ನಿಮಿಷದ ಮೇಲೆ ವೀಣಾ ಬಂದು ಗಾಜು ತಟ್ಟಿ, ಕಾಫಿ ಆರುತ್ತಿದೆ ಎಂದಳು.

ಆಯುಧಪೂಜೆ ಬಂತು. ಬೀದಿಯವರೆಲ್ಲ ತಮ್ಮ ಗಾಡಿಗಳಿಗೆ ಮುಂದೊಂದು ಹಾರ, ಬಾನೆಟ್ಟಿಗೊಂದು ಕುಂಕುಮದ ಬೊಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು ಮುಗಿಸಿದರು. ನನಗೆ ಅದು ಅರೆಬರೆ ಪೂಜೆ ಎನಿಸಿತು. ಗುಡ್ಡ ಹತ್ತುವುದು ಬಾನೆಟ್ಟೊಂದೇ ಅಲ್ಲವಲ್ಲ! ಗಾಡಿಯ ಜೊತೆ ಬಂದಿದ್ದ ಪುಸ್ತಕದ ಕೊನೆಯಲ್ಲಿ ಭಾಗಗಳ ಪಟ್ಟಿಯಿತ್ತು, ನಲವತ್ತಮೂರು ಭಾಗಗಳು. ಬೆಳಿಗ್ಗೆ ಎಂಟಕ್ಕೆ ಕುಂಕುಮದ ಬಟ್ಟಲು, ಚೆಂಡುಹೂವಿನ ಬುಟ್ಟಿ, ಸ್ಕ್ರೂಡ್ರೈವರ್ ಹಿಡಿದು ಪಟ್ಟಿಯ ಪ್ರಕಾರ ಒಂದೊಂದಾಗಿ ಪೂಜಿಸುತ್ತ, ಗುರುತು ಹಾಕುತ್ತ ಹೋದೆ. ಹತ್ತೂವರೆಗೆ ನಲವತ್ತಮೂರೂ ಮುಗಿದವು. ಒಂದನ್ನೂ ಬಿಡಲಿಲ್ಲ. ಅಜ್ಜಿ ಜಗಲಿಯ ಮೇಲಿಂದ ನೋಡಿ, ನಮ್ಮ ವಂಶದಲ್ಲಿ ಇಷ್ಟು ಭಕ್ತಿ ಯಾರಿಗೂ ಇರಲಿಲ್ಲ ಎಂದು ಕಣ್ಣೊರೆಸಿಕೊಂಡಳು.

ಮಾರನೆಯ ದಿನ ವಿಜಯದಶಮಿ. ಮೂವರೂ ಗಾಂಧಿ ಬಜಾರಿಗೆ ಹೊರಟೆವು. ರಾಮಕೃಷ್ಣ ಆಶ್ರಮದ ತಿರುವಿನಲ್ಲಿ ಗಾಡಿ ಒಮ್ಮೆ ಕೆಮ್ಮಿತು. ಸ್ಟಿಯರಿಂಗಿನ ಹಿಂದೆ ಪುಟ್ಟ ಹಳದಿ ದೀಪವೊಂದು ಹತ್ತಿಕೊಂಡಿತು. ಎಂಜಿನ್ ಆಕಾರದ ದೀಪ. ಪುಸ್ತಕ ನೋಡಿದರೆ, ಈ ದೀಪ ಹತ್ತಿದರೆ ದೂರ ಪ್ರಯಾಣ ಮಾಡಬೇಡಿ, ಪರೀಕ್ಷೆ ಮಾಡಿಸಿ ಎಂದಿತ್ತು. ಕಾರ್ತಿಕದ ಕೊನೆಯ ಶನಿವಾರಕ್ಕೆ ಅಂದಿನಿಂದ ನಲವತ್ತೈದು ದಿನ. ಅಜ್ಜಿ ಹೊಸೆದಿದ್ದ ಬತ್ತಿ ಎಂಬತ್ತೆರಡು ಸಾವಿರ. ಎರಡನ್ನೂ ಡೈರಿಯಲ್ಲಿ ಬರೆದೆ.

ಗಾಡಿ ಕಂಪನಿಯ ವರ್ಕ್‌ಶಾಪಿನವರು ಮೂರು ವಾರ ಬಿಟ್ಟು ಬರಲು ಹೇಳಿದರು. ಚಾಮರಾಜಪೇಟೆಯಲ್ಲಿ ಮುನಿರಾಜಪ್ಪ ಎಂಬ ಮೆಕ್ಯಾನಿಕ್ ಇದ್ದಾರೆ. ನಮ್ಮಪ್ಪನ ಸ್ಕೂಟರಿನ ಕಾಲದಿಂದ ಪರಿಚಯ. ಅವರು ಗಾಡಿಯನ್ನು ಹೊರಗಿನಿಂದಲೇ ಒಂದು ಸುತ್ತು ನೋಡಿದರು.

"ಕಂಪ್ಯೂಟರ್ ಗಾಡಿ ನಂಗೆ ಅಷ್ಟಾಗಿ ಬರಲ್ಲ ಸಾರ್. ಆದ್ರೂ ಬಾನೆಟ್ ಎತ್ತಿ ಒಂದ್ಸಲ ನೋಡ್ತೀನಿ, ಬಿಟ್ಹೋಗಿ."

ನಾನು ಒಪ್ಪಲಿಲ್ಲ. ಊಹೆಯ ಮೇಲೆ ಬಾನೆಟ್ ಎತ್ತುವುದು ವೈಜ್ಞಾನಿಕ ಕ್ರಮವಲ್ಲ ಎಂದು ಅವರಿಗೆ ವಿವರಿಸಿದೆ. ಈಗಿನ ಗಾಡಿಗಳು ತಮಗೇನಾಗಿದೆ ಎಂಬುದನ್ನು ತಮ್ಮೊಳಗೇ ಬರೆದಿಟ್ಟುಕೊಳ್ಳುತ್ತವೆ, ಅದನ್ನು ಓದಲು ಕೋಡ್ ರೀಡರ್ ಎಂಬ ಯಂತ್ರವಿದೆ, ಅದನ್ನು ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಚುಚ್ಚಿದರೆ ರೋಗದ ಹೆಸರು ಪರದೆಯ ಮೇಲೆ ಬರುತ್ತದೆ ಎಂದೆ. ಮುನಿರಾಜಪ್ಪ ಬೀಡಿ ಹಚ್ಚಿಕೊಂಡು, ಸರಿ ಸಾರ್, ಅದು ಹೇಳಿದ ಮೇಲೆ ಬನ್ನಿ ಎಂದರು.

ವೀಣಾ ಮನೆಯಲ್ಲಿ ಒಂದೇ ಮಾತು ಕೇಳಿದಳು. "ರೀ, ದೀಪ ಹತ್ತೋಕೆ ಮುಂಚೆ ನೀವು ಗಾಡಿಗೆ ಏನಾದ್ರೂ ಮಾಡಿದ್ರಾ?"

"ಪೂಜೆ ಮಾಡಿದೆ," ಎಂದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ನನಗೆ ಆ ಯಂತ್ರದ ಮೇಲೆ ಮನಸ್ಸು ಹೋಗಿಬಿಟ್ಟಿತ್ತು. ಯೋಚಿಸಿ ನೋಡಿ. ಗಾಡಿಯೂ ನನ್ನ ಹಾಗೆಯೇ ಡೈರಿ ಬರೆಯುತ್ತದೆ! ಇಷ್ಟು ದಿನ ನನಗೆ ಜೊತೆಯೇ ಇರಲಿಲ್ಲ. ಗಾಂಧಿ ಬಜಾರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ದೂರದೇಶದ ಫೋರ್ ವೀಲ್ ಡ್ರೈವ್ ಮಂದಿ ಬರೆದದ್ದನ್ನು ಓದತೊಡಗಿದೆ. ಅವರೆಲ್ಲ ಮರುಭೂಮಿ ದಾಟುವವರು, ಹಿಮದಲ್ಲಿ ಡೇರೆ ಹಾಕುವವರು. ಎಲ್ಲರ ಜೇಬಿನಲ್ಲೂ ಒಂದೊಂದು ಕೋಡ್ ರೀಡರು. ಓದುತ್ತ ಓದುತ್ತ ನಾನೂ ಗುಡ್ಡದ ಅಂಚಿನಲ್ಲಿ ನಿಂತಿರುತ್ತಿದ್ದೆ. ಅಂಗಿಯ ಜೇಬಿನಿಂದ ಯಂತ್ರ ತೆಗೆದು ಗಾಡಿಯ ನಾಡಿ ಹಿಡಿಯುತ್ತಿದ್ದೆ. ಹಿಂದೆ ಲಕ್ಷ ದೀಪಗಳು, ಅಜ್ಜಿಯ ಮುಖದ ಮೇಲೆ ಬೆಳಕು. ಹೊತ್ತಾಯಿತು ಸಾರ್ ಎಂದು ಬ್ರೌಸಿಂಗ್ ಸೆಂಟರಿನವರು ಹೇಳಿದಾಗ ಗುಡ್ಡ ಇಳಿದು ಬರಲು ನನಗೆ ಒಂದೆರಡು ನಿಮಿಷ ಬೇಕಾಗುತ್ತಿತ್ತು.

ಕೋಡ್ ರೀಡರುಗಳಲ್ಲಿ ಹತ್ತಾರು ಬಗೆ. ವರ್ಕ್‌ಶಾಪುಗಳಲ್ಲಿ ಇಡುವ ಸೂಟ್‌ಕೇಸಿನಂಥದ್ದಕ್ಕೆ ಗಾಡಿಯನ್ನೇ ಮಾರಬೇಕು. ನನ್ನ ಸಂಬಳಕ್ಕೆ ಎಟುಕುವಂಥವು ಕೆಲವಿದ್ದವು. ಅವುಗಳಲ್ಲಿ ಯಾವುದು? ಕೋಷ್ಟಕ ಹಾಕಿದೆ. ಹದಿನಾಲ್ಕು ಕಾಲಂ. ಗಾಡಿಯ ಭಾಷೆ ಇದಕ್ಕೆ ಬರುತ್ತದೆಯೇ, ಏಕೆಂದರೆ ಎಲ್ಲ ಗಾಡಿಗಳೂ ಒಂದೇ ಭಾಷೆ ಆಡುವುದಿಲ್ಲ. ಡೀಸೆಲ್ ಗಾಡಿಯನ್ನು ಓದುತ್ತದೆಯೇ. ಕಿಂಡಿಗೆ ಹೊಂದುತ್ತದೆಯೇ. ದೀಪವನ್ನು ಅಳಿಸುತ್ತದೆಯೇ. ಹೀಗೆ ಹೋಗಿ ಹದಿಮೂರನೆಯದು ಬಣ್ಣ, ಹದಿನಾಲ್ಕನೆಯದು ಅಜ್ಜಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣುತ್ತದೆಯೇ. ಪ್ರತಿ ಕಾಲಮ್ಮಿಗೆ ಹತ್ತು ಅಂಕ. ಒಟ್ಟು ನೂರ ನಲವತ್ತು. ಇದನ್ನು ತುಂಬುವುದರಲ್ಲಿ ಹದಿನೆಂಟು ದಿನ ಹೋಯಿತು. ವರ್ಕ್‌ಶಾಪಿನವರು ಕೊಟ್ಟ ದಿನವೂ ಬಂತು. ಕೋಷ್ಟಕ ಅಪೂರ್ಣವಾಗಿದ್ದುದರಿಂದ ನಾನು ಹೋಗಲಿಲ್ಲ.

ಇತ್ತ ಗಾಡಿ ಮರದಡಿ ನಿಂತೇ ಇತ್ತು. ಸುಮ್ಮನೆ ನಿಂತ ಗಾಡಿಯನ್ನು ಅಜ್ಜಿ ಸುಮ್ಮನೆ ಬಿಡುವವಳಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಣೆ ಹಾಕಿಸಿಕೊಂಡು ಹಿಂದಿನ ಸೀಟಿಗೆ ಹತ್ತಿ, ಹತ್ತಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಗಾಜನ್ನು ಅರ್ಧ ಇಳಿಸಿ ಬತ್ತಿ ಹೊಸೆಯುತ್ತಿದ್ದಳು. ಹಳದಿ ದೀಪ ಉರಿಯಲೆಂದು ಮನೆಯಲ್ಲಿದ್ದವರಿಂದ ಸ್ವಲ್ಪ ಹೊತ್ತು ಕೀ ತಿರುಗಿಸಿಕೊಳ್ಳುತ್ತಿದ್ದಳು. ದೇವರ ಕೆಲಸ ಮಾಡುವಾಗ ಎದುರಿಗೊಂದು ದೀಪವಿದ್ದರೆ ಮನಸ್ಸು ನಿಲ್ಲುತ್ತದಂತೆ. ಹೂಗಳು ಗಾಜಿನ ಮೇಲೆ ಬೀಳುತ್ತಿದ್ದವು. ಬೀದಿಯಲ್ಲಿ ಯಾರೋ ಹಳೆ ಪೇಪರ್ ಕೂಗಿಕೊಂಡು ಹೋಗುತ್ತಿದ್ದರು. ಅಜ್ಜಿಯ ಬೆರಳುಗಳು ತಾವಾಗಿ ತಿರುಗುತ್ತಿದ್ದವು, ಕಣ್ಣು ಕಿಟಕಿಯಾಚೆ.

ಕಾಲೇಜಿನಿಂದ ಬಂದವನು ಬಗ್ಗಿ ಕೇಳುತ್ತಿದ್ದೆ. "ಅಜ್ಜಿ, ಎಲ್ಲಿವರೆಗೆ ಬಂದ್ರಿ?"

"ಯಶವಂತಪುರ ದಾಟಿದ್ವಿ," ಎನ್ನುತ್ತಿದ್ದಳು.

ನಾಲ್ಕು ದಿನ ಬಿಟ್ಟು ಕೇಳಿದರೆ ನೆಲಮಂಗಲ. ದೀಪಾವಳಿಯ ಹೊತ್ತಿಗೆ ಕ್ಯಾತ್ಸಂದ್ರ. ಅಲ್ಲಿ ತಟ್ಟೆ ಇಡ್ಲಿ ತಿಂದಳಂತೆ, ಚಟ್ನಿ ಸ್ವಲ್ಪ ಖಾರವಂತೆ. ನಾನು ಡೈರಿಯಲ್ಲಿ ಬರೆದೆ: ಬತ್ತಿ ತೊಂಬತ್ತು ಸಾವಿರ, ಅಜ್ಜಿ ಕ್ಯಾತ್ಸಂದ್ರ, ಗಾಡಿ ತ್ಯಾಗರಾಜನಗರ.

ಕೋಷ್ಟಕದಲ್ಲಿ ನೂರ ಹನ್ನೆರಡು ಅಂಕ ಪಡೆದು ಮೊದಲು ಬಂದದ್ದು ಒಂದು ಕೇಬಲ್ಲು. ಒಂದು ತುದಿ ಗಾಡಿಗೆ, ಇನ್ನೊಂದು ತುದಿ ಕಂಪ್ಯೂಟರಿಗೆ. ಎಲ್ಲಕ್ಕಿಂತ ಅಗ್ಗ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಸಿಕ್ಕಿತು. ಅಂಗಡಿಯವರು ನನ್ನ ಕೋಷ್ಟಕವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಸಾರ್, ನಿಮ್ಗೆ ಗಾಡಿ ರಿಪೇರಿ ಆಗ್ಬೇಕಾ, ಪರೀಕ್ಷೆ ಪಾಸ್ ಆಗ್ಬೇಕಾ?" ಎಂದು ಕೇಳಿದರು. ನಾನು ನಕ್ಕು ಕೋಷ್ಟಕ ಮಡಿಸಿಕೊಂಡೆ. ಕ್ರಮಬದ್ಧತೆಯನ್ನು ಜಗತ್ತು ಎಂದೂ ಅರ್ಥ ಮಾಡಿಕೊಂಡಿಲ್ಲ.

ಕಂಪ್ಯೂಟರೇನೋ ನಮ್ಮಲ್ಲಿತ್ತು. ಆದರೆ ಅದು ಮೇಜಿನ ಮೇಲಿಡುವ ಕಂಪ್ಯೂಟರ್. ಗಾಡಿ ಬೀದಿಯಲ್ಲಿ. ಇದಕ್ಕೊಂದು ಕಾಲಂ ಹಾಕುವುದು ಮರೆತಿತ್ತು.

ಭಾನುವಾರ ಬೆಳಿಗ್ಗೆ ನಾನೂ ವೀಣಾಳೂ ಮಾನಿಟರನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಮರದಡಿ ಸ್ಟೂಲಿನ ಮೇಲಿಟ್ಟೆವು. ಕಿಟಕಿಯಿಂದ ವೈರು ಎಳೆದೆವು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಸೇರಿದರು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ರಾಮರಾಯರು ಮಡಿಸುವ ಕುರ್ಚಿಯನ್ನೇ ತಂದು ಹಾಕಿಕೊಂಡು ಕೂತರು. ನಾನು ಕೇಬಲ್ಲಿನ ಒಂದು ತುದಿಯನ್ನು ಗಾಡಿಗೆ ಚುಚ್ಚಿ, ಇನ್ನೊಂದು ತುದಿ ಹಿಡಿದು ಕಂಪ್ಯೂಟರಿನ ಹಿಂದೆ ಬಗ್ಗಿದೆ. ಕಾಲು ಗಂಟೆ ಬಗ್ಗಿಯೇ ಇದ್ದೆ. ನಮ್ಮ ಕಂಪ್ಯೂಟರು ಹಳೆಯದು. ಕೇಬಲ್ಲಿನ ತುದಿ ಹೋಗುವಂಥ ಕಿಂಡಿಯೇ ಅದರಲ್ಲಿರಲಿಲ್ಲ.

ರಾಮರಾಯರು ಇನ್ನೂ ಖಾಲಿಯಾಗಿದ್ದ ಪರದೆಯನ್ನು ನೋಡುತ್ತ ಮೆಲ್ಲಗೆ ಕೇಳಿದರು. "ಟಾಸ್ ಯಾರು ಗೆದ್ರಪ್ಪ?"

ಅವರು ಕ್ರಿಕೆಟ್ಟಿಗೆಂದು ಬಂದಿದ್ದರು.

ಮರುದಿನ ಕೇಬಲ್ಲನ್ನು ವಾಪಸ್ಸು ಕೊಟ್ಟು, ನೂರ ಏಳು ಅಂಕ ಪಡೆದು ಎರಡನೆಯದಾಗಿ ಬಂದಿದ್ದ ಯಂತ್ರವನ್ನು ತಂದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಎರಡು ಸಾಲಿನ ಪರದೆ, ನಾಲ್ಕು ಗುಂಡಿ, ತನ್ನದೇ ವೈರು. ನೋಡಿದೊಡನೆ ಪ್ರೀತಿ ಹುಟ್ಟಿತು. ಅಂದು ಮಧ್ಯಾಹ್ನ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ, ಅಜ್ಜಿ ಹಿಂದಿನ ಸೀಟಿನಲ್ಲಿ ಕೊರಟಗೆರೆಯ ಹತ್ತಿರ ಸಾಗುತ್ತಿರುವಾಗ, ನಾನು ಮುಂದೆ ಕೂತು ಯಂತ್ರವನ್ನು ಚುಚ್ಚಿದೆ. ಅದು ಕಿಂಡಿಗೆ ಹೊಂದಿತು. ಪರದೆ ಬೆಳಗಿತು. ಸಂಪರ್ಕ ಸಾಧ್ಯವಾಗಲಿಲ್ಲ ಎಂದಿತು.

ತೆಗೆದು ಚುಚ್ಚಿದೆ. ಸಾಧ್ಯವಾಗಲಿಲ್ಲ. ಒರೆಸಿ ಚುಚ್ಚಿದೆ. ಸಾಧ್ಯವಾಗಲಿಲ್ಲ. ಇಪ್ಪತ್ತಾರು ಸಲ. ಇಪ್ಪತ್ತೇಳನೆಯ ಸಲಕ್ಕೆ ಅಜ್ಜಿ ಹಿಂದಿನಿಂದ, ಮುರಳಿ, ಇವತ್ತು ನನ್ನ ದೀಪ ಹಚ್ಚಲೇ ಇಲ್ಲವಲ್ಲೋ ಎಂದಳು. ಕೀ ತಿರುಗಿಸಿರಲಿಲ್ಲ. ನಿದ್ದೆ ಮಾಡುತ್ತಿರುವ ಗಾಡಿಯನ್ನು ನಾನು ಇಪ್ಪತ್ತಾರು ಸಲ ಮಾತಾಡಿಸಿದ್ದೆ.

ಕೀ ತಿರುಗಿಸಿದೆ. ಈಗ ಯಂತ್ರ ಏನೇನೋ ಕೇಳತೊಡಗಿತು. ಒಂದೊಂದಕ್ಕೂ ಪುಸ್ತಕ ನೋಡಿ ಉತ್ತರ ಕೊಡುತ್ತ ಎರಡು ಗಂಟೆ ಕಳೆದೆ. ಇದ್ದಕ್ಕಿದ್ದಂತೆ ಪರದೆ ಮಸುಕಾಯಿತು, ದೀಪವೂ ಮಸುಕಾಯಿತು, ಬಾಗಿಲುಗಳು ಟಕ್ಕೆಂದು ತಾವೇ ಬೀಗ ಹಾಕಿಕೊಂಡವು. ಬ್ಯಾಟರಿ ಖಾಲಿ. ಆ ಹೊತ್ತಿಗೆ ನಾನು ಯಂತ್ರದ ಪುಸ್ತಕದ ಇನ್ನೊಂದು ಭಾಗ ತರಲು ಕೆಳಗಿಳಿದು ಬಾಗಿಲು ಹಾಕಿದ್ದೆ. ಕೀ ಒಳಗೆ. ಅಜ್ಜಿ ಒಳಗೆ. ಹಿಂದಿನ ಬಾಗಿಲು ಮಕ್ಕಳು ತೆಗೆಯದ ಹಾಗೆ ಭದ್ರ ಮಾಡಿದ್ದು, ಒಳಗಿನಿಂದ ತೆರೆಯುವುದಿಲ್ಲ.

ನಾನು ಗಾಬರಿಯಾಗಿ ಜಗಲಿಯ ಮೇಲೆ ಕೂತು, ತುರ್ತು ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ ಎಂಬ ಅಧ್ಯಾಯವನ್ನು ಮೊದಲಿನಿಂದ ಓದತೊಡಗಿದೆ. ವೀಣಾ ಕಾಫಿ ತಂದಳು. ಅರ್ಧ ಇಳಿಸಿದ್ದ ಗಾಜಿನ ಮೇಲಿಂದ ಅಜ್ಜಿಗೆ ಲೋಟ ಕೊಟ್ಟಳು. ಅದೇ ಕೈಯನ್ನು ಇನ್ನಷ್ಟು ಒಳಗೆ ಚಾಚಿ ಮುಂದಿನ ಬಾಗಿಲ ಮೇಲಿನ ಗೂಟವನ್ನು ಎತ್ತಿದಳು. ಬಾಗಿಲು ತೆರೆಯಿತು. ನಾನಿನ್ನೂ ಎರಡನೆಯ ಪುಟದಲ್ಲಿದ್ದೆ.

ಅಜ್ಜಿಗೆ ಆದದ್ದು ಯಾವುದೂ ಗೊತ್ತಿರಲಿಲ್ಲ. ಕಾಫಿ ಕುಡಿದು, ಕೊರಟಗೆರೆಯಲ್ಲಿ ಕಾಫಿ ಚೆನ್ನಾಗಿ ಮಾಡ್ತಾರೆ ಎಂದಳು.

ಬ್ಯಾಟರಿಗೆ ಜೀವ ತುಂಬಿಸಿದ ಮೇಲೆ, ದೀಪ ಹತ್ತಿ ಮೂವತ್ತಾರನೆಯ ದಿನ ಗುರುವಾರ, ಗಾಡಿ ಕೊನೆಗೂ ಬಾಯಿಬಿಟ್ಟಿತು. ಪರದೆಯ ಮೇಲೆ ಒಂದು ಅಕ್ಷರ, ನಾಲ್ಕು ಅಂಕಿ ಮೂಡಿದವು. ಯಂತ್ರದ ಜೊತೆ ಬಂದ ಪಟ್ಟಿಯಲ್ಲಿ ಅದರ ಅರ್ಥ ನೋಡಿದೆ: ಎಂಜಿನ್ನಿಗೆ ಹೋಗುವ ಗಾಳಿಯ ಅಳತೆ ಸರಿಯಿಲ್ಲ. ನನ್ನ ಮೈ ಜುಮ್ಮೆಂದಿತು. ಗಾಳಿ! ಗುಡ್ಡ ಹತ್ತುವವರಿಗೆ ತಕ್ಕ ರೋಗ. ಇದಕ್ಕೆ ಕಾರಣವೇನಿರಬಹುದೆಂದು ಬ್ರೌಸಿಂಗ್ ಸೆಂಟರಿನಲ್ಲಿ ಹುಡುಕಿ ಹನ್ನೊಂದು ಕಾರಣಗಳ ಪಟ್ಟಿ ಮಾಡಿದೆ. ಸಮುದ್ರಮಟ್ಟದಿಂದ ಬಸವನಗುಡಿಯ ಎತ್ತರ, ಹಳೆಯ ಮಾಲೀಕ ಓಡಿಸಿದ ರೀತಿ, ಕಾರ್ತಿಕದ ಇಬ್ಬನಿ, ಎಲ್ಲವೂ ಅದರಲ್ಲಿದ್ದವು. ಒಂದೊಂದನ್ನೂ ಪರೀಕ್ಷಿಸಲು ಕೋಷ್ಟಕ ಹಾಕಲು ಕೂತಾಗ ವೀಣಾ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ನನ್ನ ಮುಂದಿಟ್ಟಳು. ಕಾರ್ತಿಕದಲ್ಲಿ ಉಳಿದಿದ್ದದ್ದು ಎರಡೇ ಶನಿವಾರ.

ಆಗ ನನ್ನ ಕಣ್ಣು ನಾಲ್ಕನೆಯ ಗುಂಡಿಯ ಮೇಲೆ ಬಿತ್ತು. ಅಳಿಸು.

ಒತ್ತಿದೆ. ದೀಪ ಹೋಯಿತು. ಮೂವತ್ತಾರು ದಿನದ ದೀಪ ಒಂದೇ ಕ್ಷಣದಲ್ಲಿ ಹೋಯಿತು. ರೋಗವೇ ಇಲ್ಲದ ಮೇಲೆ ಕಾರಣ ಯಾರಿಗೆ ಬೇಕು? ನಾನು ಒಳಗೆ ಓಡಿ, ಅಜ್ಜಿ, ದೀಪ ಆರಿಸಿಬಿಟ್ಟೆ ಎಂದು ಸಾರಿದೆ.

"ಥೂ, ಬಿಡ್ತು ಅನ್ನು," ಎಂದಳು ಅಜ್ಜಿ. "ಕಾರ್ತಿಕದಲ್ಲಿ ಎಂಥ ಮಾತಾಡ್ತೀಯೋ. ಶಾಂತ ಮಾಡಿದೆ ಅನ್ನು."

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಹಿಂದೆ ಅಜ್ಜಿ, ಅವಳ ಪಕ್ಕದಲ್ಲಿ ಸಾವಿರಕ್ಕೊಂದರಂತೆ ಕಟ್ಟಿದ ಬತ್ತಿಯ ಗಂಟುಗಳು. ಲೆಕ್ಕಕ್ಕೆ ಕಡಿಮೆಯಿದ್ದ ಎರಡು ಸಾವಿರವನ್ನು ದಾರಿಯಲ್ಲೇ ಹೊಸೆಯುತ್ತೇನೆಂದು ಹತ್ತಿಯ ಬುಟ್ಟಿಯನ್ನೂ ಇಟ್ಟುಕೊಂಡಿದ್ದಳು. ಮುಂದೆ ವೀಣಾ, ತೊಡೆಯ ಮೇಲೆ ತುಪ್ಪದ ಡಬ್ಬಿ. ನನ್ನ ಅಂಗಿಯ ಜೇಬಿನಲ್ಲಿ ಕೋಡ್ ರೀಡರು. ಬೆಳಗಿನ ಮಂಜಿನಲ್ಲಿ ಮಲ್ಲೇಶ್ವರ ತೇಲುತ್ತಿತ್ತು. ಯಶವಂತಪುರ ದಾಟಿತು. ತುಮಕೂರು ರಸ್ತೆಯ ಮೇಲೆ ಸೂರ್ಯ ಕಿತ್ತಳೆ ಸುಲಿದ ಹಾಗೆ ಮೇಲೆದ್ದ. ಮರುಭೂಮಿಯ ಮಂದಿಗೆ ನಾನೂ ಒಂದು ಪತ್ರ ಬರೆಯಬೇಕು ಎಂದುಕೊಂಡೆ. ಅದರ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದೆ.

ನೆಲಮಂಗಲಕ್ಕೆ ಮುಂಚೆ ಒಂದು ಸಣ್ಣ ಏರು ಬಂತು. ಗಾಡಿ ಕೆಮ್ಮಿತು. ಹಳದಿ ದೀಪ ಹತ್ತಿತು. ಆಮೇಲೆ ಎಷ್ಟು ತುಳಿದರೂ ಗಾಡಿ ಮೂವತ್ತರ ಮೇಲೆ ಹೋಗಲೊಲ್ಲದು. ನಾಲ್ಕೂ ಚಕ್ರ ಎಳೆಯುವ ನಮ್ಮ ಗಾಡಿಯನ್ನು ಮೊದಲು ಬಸ್ಸುಗಳು ದಾಟಿದವು, ನಂತರ ಆಟೋಗಳು, ನಂತರ ಕೋಳಿಪಂಜರ ಕಟ್ಟಿಕೊಂಡ ಒಂದು ಮೊಪೆಡ್. ಕೋಳಿಗಳು ನಮ್ಮನ್ನೇ ತಿರುಗಿ ನೋಡುತ್ತ ಹೋದವು. ನಾನು ರಸ್ತೆಯ ಬದಿಗೆ ನಿಲ್ಲಿಸಿ ಯಂತ್ರ ಚುಚ್ಚಿದೆ. ಅದೇ ಅಕ್ಷರ, ಅದೇ ಅಂಕಿಗಳು. ಅಳಿಸಿದೆ. ನೂರು ಗಜ ಹೋಗುವುದರೊಳಗೆ ದೀಪ ಮತ್ತೆ ಬಂತು. ಹೀಗೆ ಏಳು ಸಲ ಅಳಿಸಿ, ಎಂಟನೆಯ ಸಲಕ್ಕೆ ಗಾಡಿ ತಿರುಗಿಸಿದೆ.

ಪೀಣ್ಯದ ಹತ್ತಿರ ಅಜ್ಜಿ ಬತ್ತಿಯ ಗಂಟನ್ನು ಸವರುತ್ತ ಹೇಳಿದಳು.

"ನಾನೊಬ್ಬಳೇ ಹೋದಾಗ ಮೊನ್ನೇನೇ ಮಧುಗಿರಿ ಮುಟ್ಟಿದ್ದೆ. ನಿನ್ನ ಜೊತೆ ಬಂದ್ರೆ ನೆಲಮಂಗಲಾನೂ ದಾಟಲ್ಲ ಕಣೋ."

ಅದು ಹಾಸ್ಯವೆಂದೇ ನಕ್ಕೆ. ಕನ್ನಡಿಯಲ್ಲಿ ನೋಡಿದರೆ ಅವಳು ನಗುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು, ಬೆರಳುಗಳು ಸುಮ್ಮನಿದ್ದವು. ಅವಳ ಬೆರಳು ಸುಮ್ಮನಿದ್ದುದನ್ನು ನಾನು ಅಷ್ಟು ತಿಂಗಳಲ್ಲಿ ನೋಡಿದ್ದು ಅದೇ ಮೊದಲು. ಮುಂದಿನ ವರ್ಷದ ಕಾರ್ತಿಕಕ್ಕೆ ಅವಳಿಗೆ ಎಪ್ಪತ್ತೊಂಬತ್ತು. ಆ ಸಂಜೆ ಡೈರಿಯಲ್ಲಿ ದಿನಾಂಕ ಬರೆದು ಮುಂದೇನೂ ಬರೆಯಲಾಗದೆ ಮುಚ್ಚಿಟ್ಟೆ.

ಸೋಮವಾರ ಗಾಡಿಯನ್ನು ಮೂವತ್ತರ ವೇಗದಲ್ಲಿ ಚಾಮರಾಜಪೇಟೆಗೆ ಒಯ್ದೆ. ವೀಣಾಳೂ ಜೊತೆಗಿದ್ದಳು. ಕೋಡ್ ರೀಡರು ಹೇಳಿದ್ದನ್ನು, ಹನ್ನೊಂದು ಕಾರಣಗಳ ಪಟ್ಟಿಯನ್ನು ಮುನಿರಾಜಪ್ಪನವರ ಮುಂದಿಟ್ಟೆ. ಅವರು ಪಟ್ಟಿಯನ್ನು ಗೌರವದಿಂದ ತೆಗೆದುಕೊಂಡು, ಮಡಿಸಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲಿನ ಕೆಳಗೆ ಇಟ್ಟರು.

"ಗಾಳಿ ಅಂತ ತಾನೇ ಹೇಳಿದ್ದು ಸಾರ್? ಗಾಳಿ ಬರೋ ದಾರಿ ನೋಡೋಣ."

ಬಾನೆಟ್ ಎತ್ತಿದರು. ಗಾಳಿಯನ್ನು ಸೋಸುವ ಫಿಲ್ಟರಿನ ಪೆಟ್ಟಿಗೆಯ ನಾಲ್ಕು ಕೊಂಡಿ ಬಿಚ್ಚಿದರು. ಮುಚ್ಚಳ ತೆಗೆದು, ಫಿಲ್ಟರ್ ಎತ್ತಿ, ಅದರಾಚೆಯ ಕೊಳವೆಯ ಬಾಯಿಗೆ ಎರಡು ಬೆರಳು ಹಾಕಿದರು. ಅಲ್ಲೊಂದು ಸಣ್ಣ ಜಾಲರಿ. ಗಾಳಿ ಅಳೆಯುವ ಸಾಧನ ಅದರ ಹಿಂದೆ ಕೂತಿದೆ. ಆ ಜಾಲರಿಗೆ ಅಂಟಿಕೊಂಡು, ಒಣಗಿ, ಎಸಳು ಎಸಳಾಗಿ ಹರಡಿದ್ದ ಒಂದು ಚೆಂಡುಹೂವನ್ನು ಅವರು ಹೊರತೆಗೆದರು. ನಡುವೆ ಕುಂಕುಮ.

ಮುನಿರಾಜಪ್ಪ ಅದನ್ನು ಎಸೆಯಲಿಲ್ಲ. ಕಣ್ಣಿಗೊತ್ತಿಕೊಂಡು ಸ್ಟೂಲಿನ ಮೇಲಿಟ್ಟರು.

"ಯಾರೋ ಭಕ್ತಿಯಿಂದ ಇಟ್ಟವ್ರೆ ಸಾರ್," ಎಂದರು.

ನಾನು ಹಳೆಯ ಮಾಲೀಕನ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವೀಣಾ ತನ್ನ ಚೀಲದಿಂದ ನನ್ನ ಡೈರಿಯನ್ನು ತೆಗೆದಳು. ಅವಳು ಅದನ್ನು ಯಾವಾಗ ಚೀಲಕ್ಕೆ ಹಾಕಿಕೊಂಡಳೋ ನನಗೆ ಗೊತ್ತಿಲ್ಲ. ಆಯುಧಪೂಜೆಯ ಪುಟ ತೆರೆದು, ಪ್ರಯೋಗಾಲಯದಲ್ಲಿ ನಾನು ಓದುವ ಧಾಟಿಯಲ್ಲೇ ಓದಿದಳು.

"ಒಂಬತ್ತು ಗಂಟೆ ನಲವತ್ತು ನಿಮಿಷ. ಭಾಗ ಇಪ್ಪತ್ತೇಳು, ಗಾಳಿ ಫಿಲ್ಟರಿನ ಪೆಟ್ಟಿಗೆ. ಫಿಲ್ಟರಿನ ಈಚೆ ಬದಿ ಧೂಳು. ದೇವರ ಹೂವನ್ನು ಧೂಳಿನಲ್ಲಿ ಇಡುವುದು ಸರಿಯಲ್ಲವೆಂದು ಆಚೆಯ ಶುಭ್ರವಾದ ಬದಿಯಲ್ಲಿ ಕುಂಕುಮವಿಟ್ಟ ಚೆಂಡುಹೂ ಒಂದನ್ನು ಇಟ್ಟಿದ್ದೇನೆ. ಚೆನ್ನಾಗಿ ಕೂತಿದೆ."

ಪುಟ ತಿರುವಿದಳು. "ಮಾರನೆಯ ದಿನ. ಹಳದಿ ದೀಪ ಹತ್ತಿತು. ಕಾರಣ ಪರಿಶೀಲನೆಯಲ್ಲಿದೆ."

ನಲವತ್ತು ದಿನ ನಾನು ಗಾಡಿಯ ಡೈರಿ ಓದುವ ಯಂತ್ರಕ್ಕಾಗಿ ಜೆ.ಸಿ. ರಸ್ತೆ ಸವೆಸಿದ್ದೆ. ನನ್ನ ಡೈರಿ ಓದಲು ಯಂತ್ರವೂ ಬೇಕಿರಲಿಲ್ಲ, ಬ್ಯಾಟರಿಯೂ ಬೇಕಿರಲಿಲ್ಲ. ಒಂದು ಪುಟ ಹಿಂದೆ ತಿರುವಿದ್ದರೆ ಸಾಕಿತ್ತು.

ಮುನಿರಾಜಪ್ಪ ಜಾಲರಿಯನ್ನು ಬ್ರಷ್ಷಿನಿಂದ ಒರೆಸಿ ಮುಚ್ಚಳ ಹಾಕಿದರು. ಐದು ನಿಮಿಷದ ಕೆಲಸ. ಮಿಕ್ಕ ನಲವತ್ತೆರಡು ಭಾಗಗಳಲ್ಲಿ ಏನೇನಿಟ್ಟಿದ್ದೀರಿ ಸಾರ್, ಅದನ್ನೂ ಅಕ್ಕಾವ್ರು ಓದಿಬಿಡಲಿ ಎಂದರು. ಸಂಜೆಯವರೆಗೂ ಅವಳು ಓದಿದಳು, ಅವರು ತೆಗೆದರು. ಒಂದು ಬುಟ್ಟಿ ಹೂ ಬಂತು.

ಕಾರ್ತಿಕದ ಕೊನೆಯ ಶನಿವಾರ ಗಾಡಿ ಕೆಮ್ಮದೆ ಗುಡ್ಡ ಹತ್ತಿತು. ಅಜ್ಜಿ ಗುಡಿಯ ಬಾಗಿಲಿನವರೆಗೆ ಗಾಡಿಯಲ್ಲೇ ಹೋಗಿ, ಮಣೆಯ ಮೇಲೆ ಕಾಲಿಟ್ಟು ಇಳಿದು, ದೇವರ ಮುಂದೆ ನಿಂತು, ನೋಡು, ಮೊಮ್ಮಗನ ಗಾಡಿಯಲ್ಲೇ ಬಂದೆ ಎಂದಳು. ಬತ್ತಿಗಳ ರಾಶಿಗೆ ಬೆಂಕಿ ಮುಟ್ಟಿಸಿದಾಗ ಗುಡಿಯ ಕಲ್ಲುಗೋಡೆಯೆಲ್ಲ ಹೊನ್ನಿನಂತಾಯಿತು. ಅವಳ ಮುಖದ ಮೇಲೆ ಬೆಳಕು ಬಿತ್ತು, ಬ್ರೌಸಿಂಗ್ ಸೆಂಟರಿನಲ್ಲಿ ನಾನು ಕಂಡಿದ್ದ ಹಾಗೆಯೇ. ಆಗ ಜೇಬಿನಲ್ಲಿ ಯಂತ್ರವಿರಲಿಲ್ಲ. ಅರ್ಚಕರು ಪ್ರಸಾದದ ಜೊತೆ, ಗಾಡಿಗಿರಲಿ ಎಂದು ನನ್ನ ಕೈಗೊಂದು ಸೇವಂತಿಗೆ ಕೊಟ್ಟರು. ನಾನು ಎರಡು ಹೆಜ್ಜೆ ಇಡುವುದರೊಳಗೆ ಅಜ್ಜಿ ಅದನ್ನು ಕಿತ್ತುಕೊಂಡು ವೀಣಾಳ ಮುಡಿಗೆ ಸಿಕ್ಕಿಸಿದಳು.

ಮರುದಿನ ಮಧ್ಯಾಹ್ನ ಕಾಫಿಗೆ ಹುಡುಕಿದರೆ ಅಜ್ಜಿ ಮನೆಯಲ್ಲಿಲ್ಲ. ಹೊರಗೆ ಬಂದು ನೋಡಿದೆ. ಮರದಡಿಯ ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಹತ್ತಿಯ ಬುಟ್ಟಿ ತೊಡೆಯ ಮೇಲಿತ್ತು. ಹರಕೆ ತೀರಿತಲ್ಲ, ಇನ್ನೇಕೆ ಬತ್ತಿ ಎಂದೆ.

"ಕೈಗೆ ಅಭ್ಯಾಸ ಆಗ್ಬಿಟ್ಟಿದೆ," ಎಂದಳು. ಆಮೇಲೆ ಕಿಟಕಿಯಾಚೆ ನೋಡುತ್ತ ಹೇಳಿದಳು: "ನಿಜ ಹೇಳ್ಲೇನೋ, ನಿನ್ನೆ ರಸ್ತೆ ಬಹಳ ಕುಲುಕಿತು. ನಿಂತಿದ್ದಾಗಲೇ ಈ ಗಾಡಿ ಚೆನ್ನಾಗಿ ಓಡ್ತಿತ್ತು. ಕ್ಯಾತ್ಸಂದ್ರದಲ್ಲಿ ನೀನು ನಿಲ್ಲಿಸಲೂ ಇಲ್ಲ."

ನಾನು ಬಗ್ಗಿ ಮಣೆಯನ್ನು ಸರಿಯಾಗಿ ಹಾಕಿದೆ.

"ಆ ಹಳದಿ ದೀಪ ಒಂದಿದ್ರೆ ಚೆನ್ನಾಗಿರ್ತಿತ್ತು. ಕೀ ತಿರುಗಿಸಿದ್ರೂ ಈಗ ಒಂದು ಕ್ಷಣ ಬಂದು ಹೋಗತ್ತೆ. ನಿನ್ನ ಯಂತ್ರಕ್ಕೆ ಅದನ್ನ ಹಚ್ಚೋಕೆ ಬರಲ್ವೇನೋ?"

ಒಳಗೆ ಹೋಗಿ ಯಂತ್ರ ತಂದೆ. ನಾಲ್ಕೂ ಗುಂಡಿ ಒತ್ತಿ ನೋಡಿದೆ. ಪುಸ್ತಕ ನೋಡಿದೆ. ದೀಪ ಅಳಿಸುವ ವಿದ್ಯೆ ಅದಕ್ಕೆ ಗೊತ್ತು, ಹಚ್ಚುವುದು ಗೊತ್ತಿಲ್ಲ. ಹದಿನಾಲ್ಕು ಕಾಲಮ್ಮುಗಳಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ಈ ಕೆಲಸಕ್ಕೆ ತಕ್ಕ ಬೇರೆ ಯಂತ್ರ ಸಿಗಬಹುದು ಅಜ್ಜಿ, ಒಂದು ಕೋಷ್ಟಕ ಹಾಕಿ ನೋಡ್ತೀನಿ ಎಂದು ಹೇಳುತ್ತಿದ್ದೆ.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ವೀಣಾ ಅಂದಳು.

"ಅದಕ್ಕೆ ಯಂತ್ರ ಯಾಕ್ರೀ? ಭಾಗ ಇಪ್ಪತ್ತೇಳರಲ್ಲಿ ಒಂದು ಹೂ ಇಡಿ. ಹತ್ಕೊಳ್ಳತ್ತೆ."